ದಂಡೆಯ ಜಾಗ ನೋಡಿ ಬಂದೆ

ಕೆಂಡು ಬೇ,
ಜೂನ್ ೧೧, ೨೦೨೩, ಭಾನುವಾರ

ಪ್ರೀತಿಯ ಒಗೊಲನ ಅಪ್ಪನಿಗೆ,

ಹೇಗಿದ್ದೀರಿ? ಬೆನ್ನು ನೋವು ಕಡಿಮೆಯಾಯಿತೇ? ಕಡಲಾಚೆಯ ಸಲಾಲಾ ಬಂದರಿನ ಆ ಕ್ರೇನಿನ ಗೂಡಿನಲ್ಲಿ ದಿನವಿಡೀ ಕೂತರೆ ಯಾರ ಬೆನ್ನು ತಾನೇ ಸುಮ್ಮನಿದ್ದೀತು! ರಾತ್ರಿ ಎಣ್ಣೆ ಹಚ್ಚಿಕೊಳ್ಳಿ, ಸೋಮಾರಿತನ ಮಾಡಬೇಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆ ಕೆಮ್ಮು ಬಿಟ್ಟು ಮತ್ತೆ ನನ್ನನ್ನು ಬೈಯಲು ಶುರುಮಾಡಿದ್ದಾರೆ, ಅಂದರೆ ಪೂರ್ತಿ ಗುಣವಾದರು ಎಂದು ತಿಳಿಯಿರಿ. ಒಗೊಲ ನೀವು ಬಿಟ್ಟುಹೋದ ಚಪ್ಪಲಿ ಹಾಕಿಕೊಂಡು ಓಡಾಡುತ್ತಿದ್ದಾನೆ, ಅಳತೆ ಸರಿಯಾಗಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ನೀವು "ಹೂಂ, ಹೂಂ" ಅನ್ನುವಷ್ಟರಲ್ಲಿ ಲೈನು ಕಡಿದುಹೋಗುತ್ತದೆ. ಅದಕ್ಕೇ ಈ ಕಾಗದ.

ನೀವು ಹೇಳಿದಂತೆ ಜಾಗ ನೋಡಿ ಬಂದೆ. "ಫೋಟೋ ನೋಡಿದೀನಿ, ಸಾಕು. ನೀನೂ ಒಡೇರನೂ ಹೋಗಿ ಮಾತು ಮುಗಿಸ್ಬಿಡಿ. ನಾನು ಬರೋ ಹೊತ್ತಿಗೆ ಮನೆ ಎದ್ದು ನಿಂತಿರ್ಬೇಕು" ಅಂದಿರಲ್ಲ, ಆ ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ, ಆಮೇಲೆ ಹೇಳುತ್ತೇನೆ. ನಿಮ್ಮ ತಮ್ಮ ಒಡೇರ ಮಾತ್ರ ಬೆಳಗಾಗುವ ಮೊದಲೇ ಬೂಟು ಹಾಕಿಕೊಂಡು ಸಿದ್ಧನಾಗಿದ್ದ. ಅವನಿಗೆ ಅವಸರ ಇಲ್ಲದೆ ಇರುತ್ತದೆಯೇ? ಅಣ್ಣ ಅಪ್ಪನ ಅಂಗಳ ಬಿಟ್ಟು ತನ್ನದೇ ಅಂಗಳ ಕಟ್ಟುವವರೆಗೆ ತಮ್ಮ ಕಟ್ಟುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ ಹಾಕಿದ ಗುಡಿಸಲಲ್ಲೇ ಅವನ ಹೆಂಡತಿ ಮೂರು ಮಕ್ಕಳನ್ನು ಹೆತ್ತಳು. "ನಿಮ್ಮಣ್ಣ ಯಾವ ದೇಶದ ರಾಜ ಅಂತ ನಾವು ಕಾಯ್ಬೇಕು?" ಎಂದು ದಿನಾ ಅವನ ತಲೆ ತಿನ್ನುತ್ತಾಳೆ. ನಾನೂ ಅದೇ ಅಂಗಳದಲ್ಲಿ ಅತ್ತೆಯ ಅಡುಗೆಮನೆಯ ಹೊಗೆ ಕುಡಿಯುತ್ತಾ ಕಾಯುತ್ತಿರುವವಳೇ. ತಿನ್ನಲು ನನ್ನ ಗಂಡನ ತಲೆ ಹತ್ತಿರದಲ್ಲಿಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಫೋಟೋದ ಜಾಗ ಚಂದವೇ, ಇಲ್ಲ ಅನ್ನುವುದಿಲ್ಲ. ಬಿಳಿ ಮರಳು, ಅತ್ತಿಮರ, ಎದುರಿಗೆ ಸರೋವರ. ಆದರೆ ಫೋಟೋ ತೆಗೆದವನು ನೀರಿನ ಕಡೆಗೆ ಮುಖ ಮಾಡಿ ನಿಂತಿದ್ದ, ಅದೂ ಬೇಸಗೆಯಲ್ಲಿ. ಮೀನುಗಾರನ ಮಗಳು ನಾನು, ಮೊದಲು ಹಿಂದಕ್ಕೆ ತಿರುಗಿ ನೋಡಿದೆ. ದಂಡೆಯಿಂದ ಎಷ್ಟೋ ಮೇಲೆ ಬೇಲಿಗೆ ಒಣಗಿದ ಜೊಂಡು ಸಿಕ್ಕಿಕೊಂಡಿತ್ತು. ಮೂರು ವರ್ಷದ ಹಿಂದೆ ನೀರು ಏರಿದಾಗ ಅಲ್ಲಿಯವರೆಗೂ ಬಂದಿದೆ. ಮೂಲೆಯ ಗಡಿಕಲ್ಲು ಎಲ್ಲಿ ಅಂದರೆ ಜಾಗ ತೋರಿಸಲು ಬಂದಿದ್ದ ದಲ್ಲಾಳಿ ನೀರಿನ ಕಡೆಗೆ ಬೆರಳು ತೋರಿಸಿ, "ನೀರು ಹಿಂದಕ್ಕೆ ಹೋಗುತ್ತಮ್ಮ, ಚಿಂತೆ ಮಾಡ್ಬೇಡಿ" ಅಂದ. ನೀವು ಊಟದ ಮೇಜು ಹಾಕಬೇಕು ಅಂದಿರಲ್ಲ, ಸರಿಯಾಗಿ ಅಲ್ಲೇ ಗಾಡಿ ಹೋಗುವಷ್ಟು ಅಗಲಕ್ಕೆ ಹುಲ್ಲು ಮಲಗಿತ್ತು. ಅದು ನೀರ್ಗುದುರೆಗಳು ಮೇಯಲು ಹೋಗುವ ದಾರಿ. ರಾತ್ರಿ ಊಟಕ್ಕೆ ನಿಮಗೆ ಒಳ್ಳೆಯ ಜೊತೆ ಸಿಗುತ್ತಿತ್ತು!

ಅಷ್ಟರಲ್ಲಿ ಜಾಗದ ಒಡತಿ ಬಂದರು. ಸೆಮೆ ಕಡೆಯಿಂದ ಮದುವೆಯಾಗಿ ಬಂದವರು, ಅದಕ್ಕೇ ಎಲ್ಲರ ಬಾಯಲ್ಲೂ ನ್ಯಾರ್‌ಸೆಮೆ. ಎಪ್ಪತ್ತು ದಾಟಿರಬಹುದು, ತಲೆಯ ಮೇಲೆ ಒಣಮೀನಿನ ಬುಟ್ಟಿ, ಒಂದು ಕೈಯೂ ತಾಗಿಸದೆ ಏರು ಹತ್ತಿ ಬಂದರು. ಆ ನಡಿಗೆ ನೋಡಿಯೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ದಲ್ಲಾಳಿಯನ್ನು ನೋಡಿ, "ಅಲ್ಲಯ್ಯಾ, ಕೆಳಗಿನದ್ದು ಮಾರಲ್ಲ ಅಂತ ಎಷ್ಟು ಸಲ ಹೇಳ್ಲಿ ನಿಂಗೆ? ಅದು ನೀರಿನ ಜಾಗ. ನೀರು ಕೊಟ್ಟಾಗ ತರಕಾರಿ ಬೆಳೀತೀನಿ, ಕೇಳಿದಾಗ ವಾಪಸ್ ಕೊಡ್ತೀನಿ" ಅಂದರು. ನಾವಾಗಿ ಹಣ ಚಾಚಿದರೆ ತೆಗೆದುಕೊಂಡು ಸುಮ್ಮನಿರಬಹುದಿತ್ತು. ಅಂಥ ಹೆಂಗಸಲ್ಲ ಅವರು.

ಮಾರಲಿರುವುದು ಮೇಲಿನ ತುಂಡು, ಜೊಂಡು ಸಿಕ್ಕಿಕೊಂಡಿದ್ದ ಜಾಗಕ್ಕಿಂತ ಎಷ್ಟೋ ಮೇಲೆ, ಕಳ್ಳಿಬೇಲಿಯ ಆಚೆ. ಹಿಂದೆ ಅವರ ಮಾವನ ದನದ ದೊಡ್ಡಿ ಇದ್ದ ನೆಲ, ಮಣ್ಣು ಕಪ್ಪಗೆ, ಕೈಯಲ್ಲಿ ಹಿಡಿದರೆ ಉಂಡೆಯಾಗುತ್ತದೆ. ಮಳೆಯಲ್ಲೂ ಗಾಡಿ ಬರುವ ದಾರಿಯಿದೆ. ಅಲ್ಲಿ ನಿಂತರೆ ಸರೋವರ ಪೂರ್ತಿ ಕಾಣುತ್ತದೆ, ಆದರೆ ಅದು ನಿಮ್ಮ ಹೊಸ್ತಿಲಿಗೆ ಬರುವುದಿಲ್ಲ. ಮಕ್ಕಳ ಒಪ್ಪಿಗೆ ಇದೆಯೇ ಎಂದು ಕೇಳಿದ್ದಕ್ಕೆ ಇಬ್ಬರು ಗಂಡುಮಕ್ಕಳನ್ನೂ ಅಲ್ಲಿಯೇ ಕೂಗಿ ಕರೆದು ನನ್ನೆದುರು ನಿಲ್ಲಿಸಿದರು. ಬೇಲಿಯ ಪಕ್ಕದಲ್ಲಿ ಗಂಡನ ಸಮಾಧಿ. "ಅದು ನನ್ನ ಗಡಿಯೊಳಗೇ ಇರುತ್ತೆ. ಆದ್ರೆ ಆ ಮನುಷ್ಯ ಬದುಕಿದ್ದಾಗ್ಲೂ ಪಕ್ಕದವರ ಮನೇಲಿ ಏನು ಅಡುಗೆ ಅಂತ ಇಣುಕ್ತಿದ್ದ, ಈಗ ಬಿಡ್ತಾನಾ?" ಎಂದು ನಕ್ಕರು. ನಾನೂ ನಕ್ಕೆ. ಆ ನೆಲದಲ್ಲಿ ನಿಂತು ನಕ್ಕ ಮೇಲೆ ನನಗೆ ಬೇರೆ ಜಾಗ ಬೇಡವಾಯಿತು.

ನಾವು ಜಾಗ ನೋಡಲು ಹೋದರೆ ಅವರು ನನ್ನನ್ನೇ ನೋಡಿದರು. ಕೂಗಿದರೆ ಓಡಿ ಬರುತ್ತೀಯಾ, ಬೆಂಕಿ ಕೇಳಿದರೆ ಕೊಡುತ್ತೀಯಾ, ನೀರಿಗೆ ಹೋಗುವ ಹೆಂಗಸರ ಕಾಲುದಾರಿಗೆ ಅಡ್ಡ ಕಟ್ಟುತ್ತೀಯಾ? ಗೋಡೆ ಕಟ್ಟುತ್ತೇನೆ ಅಂದ ನೈರೋಬಿಯ ಸಾಹೇಬರೊಬ್ಬರನ್ನು ಚಹಾ ಕುಡಿಸಿ ವಾಪಸ್ ಕಳಿಸಿದ್ದಾರಂತೆ. ನನ್ನ ಉತ್ತರಗಳೆಲ್ಲ ಹಿಡಿಸಿದವು. ಕೊನೆಗೆ, "ನಿನ್ನ ಗಂಡ ಎಲ್ಲಿ?" ಅಂದರು. ದೂರದಲ್ಲಿದ್ದಾರೆ, ಮನೆ ಎದ್ದ ಮೇಲೆ ಬರುತ್ತಾರೆ ಅಂದೆ. ಅವರ ಮುಖ ಬದಲಾಯಿತು. "ಅದೇನು ಮಾತೇ ಮಗಳೇ? ಹಿರಿಮಗ ಹುಂಜ ಹಿಡ್ಕೊಂಡು, ಗಂಡ ಕೊಡಲಿ ಹಿಡ್ಕೊಂಡು, ನೀನು ಕೆಂಡ ತಗೊಂಡು ಬಂದು ಮೊದಲ್ನೇ ರಾತ್ರಿ ಇಲ್ಲಿ ಮಲಗ್ಬೇಕು. ಗಂಡಸು ಬರದೇ ಎದ್ದ ಗೋಡೆಗೆ ಮನೆ ಅಂತಾರಾ? ಅವನ್ನ ಕರ್ಕೊಂಡು ಬಾ. ಬರೋವರೆಗೂ ಇದನ್ನ ಯಾರಿಗೂ ಕೊಡಲ್ಲ. ಬರ್ಲಿಲ್ಲ ಅಂದ್ರೆ ನಿಂಗೂ ಕೊಡಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷ ನನ್ನ ಬಾಯಿಗೆ ಬಾರದ ಮಾತನ್ನು ಆಕೆ ನನ್ನ ಪರವಾಗಿ ಆಡಿದ ಹಾಗಾಯಿತು. ಇಷ್ಟು ದೂರ ಇದ್ದು ನೀವು ನಮ್ಮ ಶಾಸ್ತ್ರ ಮರೆತಿರೋ, ಅಥವಾ ಮನೆಯೊಂದು ಎದ್ದರೆ ನಾನು ಕಾಯುವುದನ್ನು ಮರೆಯುತ್ತೇನೆ ಅಂದುಕೊಂಡಿರೋ, ನನಗೆ ಗೊತ್ತಿಲ್ಲ.

ಊಟ ಬಿಡಬೇಡಿ. ಅತ್ತೆಯ ಆಶೀರ್ವಾದ, ಒಗೊಲನ ನಮಸ್ಕಾರ. ಒಡೇರನ ಹೆಂಡತಿಯೂ ಕೇಳಿದಳೆಂದು ಬರೆಯಲು ಹೇಳಿದ್ದಾಳೆ, ಹೇಗೆ ಕೇಳಿದಳು ಅನ್ನುವುದನ್ನು ಬರೆಯುವುದಿಲ್ಲ.

ಇಂತಿ, ನಿಮ್ಮ ದಾರಿ ನೋಡುತ್ತಿರುವ
ಅಕೆಯೊ

ಮರೆತಿದ್ದೆ: ವಾಪಸ್ ಬರುವಾಗ ಒಡೇರ, "ಅತ್ತಿಗೆ, ಅಣ್ಣನ ಕೋಟು ಹಾಕ್ಕೊಂಡು ನಾನೇ ಕೊಡಲಿ ಹಿಡೀತೀನಿ, ಶಾಸ್ತ್ರ ಮುಗಿಸ್ಬಿಡೋಣ" ಅಂದ. ಮನೆಯಲ್ಲಿ ಹೇಳಿದರೆ ಅತ್ತೆಯೂ ಅವನನ್ನು ಬೈಯಲಿಲ್ಲ. ನಿಮ್ಮ ಕೋಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಹಾಗೆ ಬೇರೆಯವರನ್ನು ನಿಲ್ಲಿಸುವುದು ಗಂಡ ತೀರಿಹೋದವಳಿಗೆ. ಒಗೊಲ ಸಂತೆಯಿಂದ ಎಳೆಯ ಕೆಂಪು ಹುಂಜ ತಂದು ಸಾಕುತ್ತಿದ್ದಾನೆ, ಅದು ಇವತ್ತು ಮೊದಲ ಸಲ ಕೂಗಿತು. ಬನ್ನಿ.