ಪುಟ್ಟ ಎಂಜಿನ್ನಿನಲ್ಲಿ ನನ್ನ ಪಾಲು

ಮಾರ್ಚ್ ೧೪, ಶನಿವಾರ. ಕಿಲ್ಕೆನ್ನಿ, ಐರ್ಲೆಂಡ್.

ಗೆಳೆಯ ಅಶ್ವಿನ್‌ಗೆ ಬಿದ್ದ ಚಪ್ಪಾಳೆ ಇನ್ನೂ ಕಿವಿಯಿಂದ ಹೋಗಿಲ್ಲ. ಹಳೆಯ ಕಾರುಗಳ ಕ್ಲಬ್ಬಿನಲ್ಲಿ ಇವತ್ತು ಅವನು ಮಾಡಿದ ಭಾಷಣದ ಒಂದೊಂದು ಸಾಲೂ ನನ್ನದು. "ನೀನು ಬರ್ಕೊಡು, ನಾನು ಮಾತಾಡ್ತೀನಿ, ಇಬ್ರ ಹೆಸ್ರೂ ಹಾಕೋಣ" ಅಂದಿದ್ದ. ಪರದೆಯ ಮೇಲೆ ಇದ್ದದ್ದು ಅವನೊಬ್ಬನ ಹೆಸರು.

ಭಾಷಣದ ವಿಷಯವೇ ನನ್ನನ್ನು ಅಣಕಿಸುವಂತಿತ್ತು. ಜಪಾನಿನವರು ಇಂಗ್ಲಿಷ್ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡು ಅದರ ಕಾರನ್ನು ತಮ್ಮಲ್ಲೇ ತಯಾರಿಸಿದರು. ಅದರಿಂದ ಕಲಿತು, ಸಿಲಿಂಡರಿನ ಮೇಲ್ಗಡೆ ವಾಲ್ವ್ ಇರುವ ತಮ್ಮ ದಾಟ್ಸನ್ ಕಾರಿಗೆ ಪುಟ್ಟ ಎಂಜಿನ್ ಮಾಡಿದರು. ಅವರು ಕೇಳಿ ಪಡೆದರು. ಇವನು ನನ್ನನ್ನು ಕೇಳಿಯೇ ಕದ್ದ.

ಭಾಷಣದ ಕೊನೆಗೆ ಮುದುಕರೊಬ್ಬರು ಎದ್ದು ನಿಂತರು. ಎಂಜಿನ್ ಚಿಕ್ಕದಾಗಿಸಲು ಕಿರಿದು ಮಾಡಿದ್ದು ಸಿಲಿಂಡರಿನ ಅಗಲವನ್ನಲ್ಲ, ಪಿಸ್ಟನ್ ಓಡುವ ದೂರವನ್ನು ಎಂದರು. ಅವರ ಮಾತು ಸರಿ. ನಾನು ಆತುರದಲ್ಲಿ ತಿರುಗುಮುರುಗಾಗಿ ಬರೆದಿದ್ದೆ, ಇವನು ಹಾಗೆಯೇ ಒಪ್ಪಿಸಿದ್ದ.

ಅಶ್ವಿನ್ ನಗುತ್ತ ನನ್ನತ್ತ ಕೈ ತೋರಿಸಿದ. ಆ ಭಾಗ ತನ್ನ ಸ್ನೇಹಿತ ಚನ್ನಬಸಪ್ಪ ಬರೆದದ್ದು ಎಂದ. ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು.

ವಾಪಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯತ್ತ ತಿರುಗಿ ಕುಳಿತೆ. ಅವನೇ ಅಂದ: "ಯಾಕೋ ಮುಖ ಊದಿಸ್ಕೊಂಡಿದ್ದೀಯ? ಎಲ್ಲಾ ಗ್ರ್ಯಾಂಡ್ ಆಗಿ ಹೋಯ್ತಲ್ಲ. ನಿನ್ ಹೆಸ್ರೂ ಹೇಳಿದ್ನಲ್ಲ."

ಹೌದು. ಹೇಳಿದ. ಕೊನೆಯ ಸಾಲಿನವರಿಗೂ ಕೇಳುವಂತೆ.