ಎಮ್ಮೆಯ ಕೊರಳಿನ ಬಾವು

ಮಾನ್ವಿ

ಅವ್ವಾ,

ಇಂದು ನಿನ್ನ ಸೀರೆ ಉಟ್ಟಿದ್ದೆ. ಅದೊಂದನ್ನು ಬರೆಯದೆ ಬಿಡೋಣವೆಂದಿದ್ದೆ.

ಮೊನ್ನೆ ದನದ ಡಾಕ್ಟರು ನೂರುದ್ದೀನ್ ಸಾಹೇಬರು ನಿನ್ನ ಎಮ್ಮೆಯ ಕೊರಳಿಗೆ ಕ್ಷಯದ ಪರೀಕ್ಷೆಯ ಸೂಜಿ ಚುಚ್ಚಿದ್ದರು. ಆ ಜಾಗ ಬಾತರೆ ರೋಗವಿದೆ ಎಂದರ್ಥ. ಇಂದು ನೋಡಲು ಬಂದಾಗ ಎಮ್ಮೆ ಯಾರನ್ನೂ ಹತ್ತಿರ ಬಿಡಲಿಲ್ಲ.

"ನಿಮ್ಮವ್ವನ ಸೀರಿ ಉಟ್ಗೊಂಡು ಬಾ ಬೇ," ಎಂದಳು ನೆರೆಮನೆಯ ಯಮನಮ್ಮ. "ಹಿಂಡೋರು ಸತ್ರ ಹಂಗ ಮಾಡ್ತೀವಿ. ಹಾಲು ಬತ್ತಿದಾಗ ಹೇಳಿದ್ರ ನಕ್ಕಿ. ನಿನ್ನ ಇಂಗ್ಲಿಷ್ ಓದು ಎಮ್ಮಿಗೇನು ತಿಳೀತದ?"

ಉಟ್ಟು ಬಂದೆ. ಎಮ್ಮೆ ಸೆರಗು ಮೂಸಿ, ಕೊರಳನ್ನು ನನ್ನ ಹೆಗಲ ಮೇಲಿಟ್ಟು ನಿಂತಿತು. ನೀನು ತೀರಿಕೊಂಡಂದಿನಿಂದ ಬತ್ತಿದ್ದ ಕೆಚ್ಚಲಿನಿಂದ, ಯಾರೂ ಮುಟ್ಟದೆಯೇ, ಹಾಲು ತೊಟ್ಟಿಕ್ಕಿತು. ನನ್ನ ಕೈಕೆಳಗೆ ಬಾವು ಬಿಸಿಯಾಗಿತ್ತು, ಗಟ್ಟಿಯಾಗಿತ್ತು.

"ಹಸಿ ಹಾಲು ಯಾರು ಕುಡೀತಿದ್ರಿ?" ಸಾಹೇಬರು ಕೇಳಿದರು.

"ನಮ್ಮವ್ವ. ದಿನಾ ನೊರಿಹಾಲು."

"ಕೆಮ್ಮಿತ್ತೇನ್ರಿ?"

"ಕೊನೀಗೆ ಇತ್ರಿ."

"ಇದರಿಂದ ಅವರಿಗೆ ಬಂದಿರಬೇಕು, ಇಲ್ಲಾಂದ್ರ ಅವರಿಂದ ಇದಕ್ಕ. ಈಗ ಹೇಳಾಕ ಆಗಂಗಿಲ್ರಿ."

ಶಕ್ತಿ ಬರುತ್ತದೆ, ಕುಡಿ ಎಂದು ಲೋಟ ನಿನ್ನ ಮುಂದೆ ಹಿಡಿಯುತ್ತಿದ್ದವಳು ಯಾರೆಂದು ಅವರು ಕೇಳಲಿಲ್ಲ.

ಶನಿವಾರ ಎಮ್ಮೆಯನ್ನು ಊರಾಚೆ ಒಯ್ದು ಕೊಂದು ಹೂಳುತ್ತಾರೆ. ಅದು ಬೇರೆಯವರ ಹಿಂದೆ ಬರುವುದಿಲ್ಲ. ಇದೇ ಸೀರೆಯುಟ್ಟು ನಾನು ಮುಂದೆ ನಡೆಯಬೇಕಂತೆ. ಆಗ ಅದನ್ನು ಕರೆದೊಯ್ಯುವವಳು ನಾನೋ ನೀನೋ, ನನಗೆ ತಿಳಿಯುತ್ತಿಲ್ಲ.

ಹಿಂತಿರುಗಿ ಬಂದ ಮೇಲೆ, ನಿನಗೆ ಮುಟ್ಟದಿದ್ದರೂ, ಇದನ್ನು ಅಂಚೆಗೆ ಹಾಕುತ್ತೇನೆ; ಮುದ್ರೆಯಲ್ಲಿ ಆ ಶನಿವಾರದ ತಾರೀಖಿರಲಿ: ೧೨ ಫೆಬ್ರವರಿ ೧೯೪೪.