ಬಲಮೂಲೆಯ ಪೊಳ್ಳು

೧೪ ಜೂನ್ ೨೦೨೫, ಶನಿವಾರ. ಚನ್ನಗಿರಿ.

ಆ ಸದ್ದು ಕಿವಿಯಿಂದ ಹೋಗುತ್ತಿಲ್ಲ.

ಕಾಲೇಜಿನ ಪುಟ್ಟ ಉಪಗ್ರಹಕ್ಕೆಂದು ನಾನೇ ಕಾರ್ಬನ್ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ ಒಂದೇ ದಿನ ಎರಡು ಹಲಗೆ ಮಾಡಿದ್ದೆ. ಒಂದು ಉಪಗ್ರಹದಲ್ಲಿ ಕೂತಿದೆ. ಇನ್ನೊಂದನ್ನು ಅಬ್ಬಾಗೆ ತೋರಿಸಲು ಇವತ್ತು ಊರಿಗೆ ತಂದೆ. ಮೂವತ್ತು ವರ್ಷದಿಂದ ಫೈಬರ್ ಟ್ಯಾಂಕು ರಿಪೇರಿ ಮಾಡುವವರು ಅವರು. ಎಷ್ಟು ಹಗುರ ಎಂದು ಬೆರಗಾಗುತ್ತಾರೆ ಅಂದುಕೊಂಡಿದ್ದೆ. ಅವರು ಐದು ರೂಪಾಯಿ ನಾಣ್ಯ ತೆಗೆದು ಉದ್ದಕ್ಕೂ ತಟ್ಟುತ್ತ ಹೋದರು. ಟಣ್, ಟಣ್. ಬಲಮೂಲೆಯಲ್ಲಿ ಮಾತ್ರ ಡಬ್.

"ಇಲ್ಲಿ ಪದರ ಬಿಟ್ಟೈತೆ ನುಜಹತ್. ಒಳಗೆ ಗಾಳಿ ಕುಂತೈತೆ."

ಲ್ಯಾಬಿನಲ್ಲಿದ್ದ ಗೆಳತಿ ಪೂಜಾಗೆ ಫೋನ್ ಮಾಡಿ ಉಪಗ್ರಹದ ಹಲಗೆಯನ್ನೂ ತಟ್ಟಲು ಹೇಳಿದೆ. ಫೋನಿನಲ್ಲೇ ಕೇಳಿಸಿತು, ಅದೇ ಡಬ್.

"ಯಾರಿಗೂ ಹೇಳಾದು ಬ್ಯಾಡ ಕಣೇ. ಸೋಮವಾರದ ಕಂಪನ ಪರೀಕ್ಷೆ ತಡಕಂಡ್ರೆ ಸಾಕು" ಎಂದಳು.

ಒಂದು ಗಳಿಗೆ ನನಗೂ ಅದೇ ಆಸೆಯಾಯಿತು. ಆದರೆ ರಾಕೆಟ್ ಅದುರುವಾಗ ಆ ಮೂಲೆ ಬಿಚ್ಚಿಕೊಂಡರೆ? ಪಕ್ಕದಲ್ಲಿ ಕೂತ ಬೇರೆಯವರ ಉಪಗ್ರಹಕ್ಕೆ ಬಡಿದರೆ?

ಉಪಗ್ರಹದ ಉಸ್ತುವಾರಿ ನೋಡುವ ರೇಣುಕಪ್ರಸಾದ್ ಸರ್‌ಗೆ ಫೋನ್ ಮಾಡಿ, ಪದರ ಬಿಟ್ಟಿದ್ದನ್ನು ಹೇಳಿ, ತಪ್ಪು ನನ್ನದೇ ಎಂದೆ.

"ಸೋಮವಾರದ ಪರೀಕ್ಷೆ ನಿಲ್ಲಿಸ್ತೀನಿ. ರಾಕೆಟ್ಟಿನೋರನ್ನ ಇನ್ನೂ ಹತ್ತು ದಿನ ಕೇಳಿ ನೋಡಾನ. ನಿಮ್ಮಪ್ಪಾರನ್ನ ಕರ್ಕಂಡು ಬಾ. ಅವರು ಗಾಳಿ ಹೆಂಗೆ ತೆಗೀತಾರೆ, ನಾನೂ ಕಲೀತೀನಿ" ಎಂದರು.

ಅಬ್ಬಾ ಆಗಲೇ ಪದರದ ಗಾಳಿ ಒತ್ತಿ ತೆಗೆಯುವ ರೋಲರ್ ತೊಳೆದು ಚೀಲಕ್ಕೆ ಹಾಕಿಕೊಂಡಿದ್ದಾರೆ. ಹತ್ತು ದಿನ ಕೊಡುತ್ತಾರೋ ಇಲ್ಲವೋ. ಕೊಟ್ಟರೂ ಆ ಪದರಗಳನ್ನು ಒತ್ತಬೇಕಾದದ್ದು ನನ್ನ ಇದೇ ಕೈ. ಆ ಐದು ರೂಪಾಯಿ ನಾಣ್ಯವನ್ನೂ ಅದೇ ಚೀಲಕ್ಕೆ ಹಾಕಿದೆ.